ದೂರಶಿಕ್ಷಣದಲ್ಲಿ ಎಂಎಸ್‌ಡಬ್ಲ್ಯು: ಓದು, ಅಸೈನ್‌ಮೆಂಟ್, ಫೀಲ್ಡ್‌ವರ್ಕ್ ಹೊಂದಿಸಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದಲ್ಲಿದ್ದುಕೊಂಡೇ ಇಗ್ನೊದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂಎಸ್‌ಡಬ್ಲ್ಯುಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ, ಸೇರಿರುವ ಅಥವಾ ಸೇರಬೇಕೆಂದಿರುವ ಕರ್ನಾಟಕದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ. ಬೇರೆ ವಿಶ್ವವಿದ್ಯಾಲಯದ ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸಿನಲ್ಲಿದ್ದರೂ ಹೆಚ್ಚಿನ ಮಾತುಗಳು ನಿಮಗೂ ಹೊಂದುತ್ತವೆ. ದಿನಾಂಕ, ಶುಲ್ಕ, ಪಾಸ್ ಅಂಕಗಳ ವಿಷಯದಲ್ಲಿ ಮಾತ್ರ ನಿಮ್ಮ ವರ್ಷದ ಪ್ರೋಗ್ರಾಮ್ ಗೈಡ್ ಹೇಳಿದ್ದೇ ಅಂತಿಮ.

ಪೂರ್ತಿ ದಿನದ ಕೆಲಸವಿದೆ. ವಾರಕ್ಕೆ ಎಷ್ಟು ಗಂಟೆ ತೆಗೆದಿಡಬೇಕು?

ಇಗ್ನೊದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಇದರಲ್ಲಿ ಪುಸ್ತಕ ಓದುವುದು, ಅಸೈನ್‌ಮೆಂಟ್ ಬರೆಯುವುದು, ತರಗತಿಗೆ ಹೋಗುವುದು ಎಲ್ಲವೂ ಸೇರಿದೆ. 4 ಕ್ರೆಡಿಟ್‌ನ ಒಂದು ವಿಷಯಕ್ಕೆ 120 ಗಂಟೆ ಬೇಕು. ವರ್ಷಕ್ಕೆ 32 ಕ್ರೆಡಿಟ್ ಎಂದು ಲೆಕ್ಕಕ್ಕೆ ಹಿಡಿದರೆ 960 ಗಂಟೆ. ಹಬ್ಬ, ಜ್ವರ, ಮನೆಯ ಮದುವೆ ಎಂದು ನಾಲ್ಕು ವಾರ ಬಿಟ್ಟು 48 ವಾರಕ್ಕೆ ಹಂಚಿದರೆ ವಾರಕ್ಕೆ 20 ಗಂಟೆ ಬೀಳುತ್ತದೆ.

ಈ 20 ಗಂಟೆ ಹೊಂದಿಸುವ ಒಂದು ದಾರಿ ಹೀಗಿದೆ: ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಒಂದೂವರೆ ಗಂಟೆ ಓದು, ಶನಿವಾರ ಆರು ಗಂಟೆ ಅಸೈನ್‌ಮೆಂಟ್ ಮತ್ತು ನೋಟ್ಸ್, ಭಾನುವಾರ ಆರು ಗಂಟೆ ಫೀಲ್ಡ್‌ವರ್ಕ್ (ಒಂದು ಸಂಸ್ಥೆಯಲ್ಲಿ, ಜನರ ನಡುವೆ ಮಾಡುವ ಕ್ಷೇತ್ರಕಾರ್ಯ), ಅಂದೇ ರಾತ್ರಿ ಅರ್ಧ ಗಂಟೆ ಜರ್ನಲ್ (ಆ ಭೇಟಿಯ ಬರಹದ ದಾಖಲೆ). ಬೆಂಗಳೂರಿನಲ್ಲಿ ದಿನಕ್ಕೆ ಎರಡು ಮೂರು ಗಂಟೆ ಪ್ರಯಾಣದಲ್ಲೇ ಹೋಗುವವರು ಓದನ್ನು ಬೆಳಗ್ಗೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಕಚೇರಿಯಿಂದ ಬಂದು, ಊಟ ಮುಗಿಸಿ, ಹತ್ತು ಗಂಟೆಯ ಮೇಲೆ ಸಿದ್ಧಾಂತದ ಪಾಠ ತಲೆಗೆ ಹತ್ತುವುದು ಕಷ್ಟ.

ವಾರಕ್ಕೆ 20 ಗಂಟೆ ಆಗುವುದೇ ಇಲ್ಲ ಎನ್ನುವವರು ಎರಡು ವರ್ಷದಲ್ಲೇ ಮುಗಿಸುವ ಹಟ ಬಿಡಿ. ಕೋರ್ಸ್ ಮುಗಿಸಲು ಗರಿಷ್ಠ ನಾಲ್ಕು ವರ್ಷ ಅವಕಾಶವಿದೆ. ಮೂರು ವರ್ಷದ ಯೋಜನೆ ಹಾಕಿಕೊಂಡು ಸಮಾಧಾನವಾಗಿ ಮುಗಿಸುವುದು, ಎರಡು ವರ್ಷದ ಯೋಜನೆ ಹಾಕಿ ನಡುವೆ ಕೈಚೆಲ್ಲುವುದಕ್ಕಿಂತ ಎಷ್ಟೋ ಮೇಲು.

ಪುಸ್ತಕಗಳು ಬಂದಿವೆ. ಮೊದಲು ಯಾವುದನ್ನು ಓದಲಿ?

ಪುಸ್ತಕ ತೆರೆಯುವ ಮೊದಲು ಫೀಲ್ಡ್‌ವರ್ಕ್ ಗೊತ್ತುಮಾಡಿಕೊಳ್ಳಿ. ಈ ಪುಟದಲ್ಲಿ ಒಂದೇ ಸಲಹೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ಓದು ನಿಮ್ಮ ಕೈಯಲ್ಲಿದೆ, ರಾತ್ರಿ ಕುಳಿತಾದರೂ ಮುಗಿಸಬಹುದು. ಫೀಲ್ಡ್‌ವರ್ಕ್ ನಿಮ್ಮೊಬ್ಬರ ಕೈಯಲ್ಲಿಲ್ಲ. ಅದಕ್ಕೆ ಸಂಸ್ಥೆಯ ಅನುಮತಿ ಬೇಕು, ಅದು ತೆರೆದಿರುವ ಹೊತ್ತಿಗೆ ನೀವು ಬಿಡುವಾಗಿರಬೇಕು, ಸೂಪರ್‌ವೈಸರ್ ಸಿಗಬೇಕು, ಅವರ ಸಹಿ ಬೀಳಬೇಕು. ಎಂಎಸ್‌ಡಬ್ಲ್ಯು ಅರ್ಧಕ್ಕೆ ನಿಂತವರಲ್ಲಿ ಥಿಯರಿ ಪೇಪರ್ ಪಾಸಾಗದೆ ನಿಂತವರಿಗಿಂತ ಫೀಲ್ಡ್‌ವರ್ಕ್ ಬಾಕಿ ಉಳಿದು ನಿಂತವರೇ ನಮ್ಮ ಕಣ್ಣಿಗೆ ಹೆಚ್ಚಾಗಿ ಬೀಳುತ್ತಾರೆ.

ಮೊದಲ ತಿಂಗಳು ಮಾಡಬೇಕಾದ್ದು: ಪ್ರೋಗ್ರಾಮ್ ಗೈಡ್‌ನಲ್ಲಿ ಫೀಲ್ಡ್‌ವರ್ಕ್‌ನ ಅಧ್ಯಾಯ ಪೂರ್ತಿ ಓದಿ. ಅಧ್ಯಯನ ಕೇಂದ್ರಕ್ಕೆ ಖುದ್ದಾಗಿ ಹೋಗಿ, ನಿಮಗೆ ಸೂಪರ್‌ವೈಸರ್ ಯಾರು, ಓರಿಯೆಂಟೇಶನ್ ಯಾವತ್ತು, ಸಂಸ್ಥೆಗೆ ಕೊಡಬೇಕಾದ ಪತ್ರ ಯಾರು ಕೊಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಕೇಂದ್ರದಲ್ಲಿ ಉತ್ತರ ಸಿಗದಿದ್ದರೆ ಪ್ರಾದೇಶಿಕ ಕೇಂದ್ರಕ್ಕೆ ಇಮೇಲ್ ಹಾಕಿ. ಕರ್ನಾಟಕಕ್ಕೆ ಬೆಂಗಳೂರು ಮತ್ತು ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಫೋನಿನಲ್ಲಿ ಮಾತಾಡಿದ್ದಕ್ಕೆ ದಾಖಲೆ ಉಳಿಯುವುದಿಲ್ಲ, ಇಮೇಲ್‌ಗೆ ಉಳಿಯುತ್ತದೆ.

ಭಾನುವಾರ ಬಿಟ್ಟರೆ ರಜೆ ಇಲ್ಲ. ಫೀಲ್ಡ್‌ವರ್ಕ್ ಎಲ್ಲಿ ಮಾಡಲಿ?

ಸಂಸ್ಥೆ ಆರಿಸುವಾಗ ಹೆಸರಿಗಿಂತ ಅದರ ಹೊತ್ತು ನೋಡಿ. ಅಂಗನವಾಡಿ, ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗ, ಕೌಟುಂಬಿಕ ನ್ಯಾಯಾಲಯ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇವೆಲ್ಲ ವಾರದ ದಿನಗಳಲ್ಲಿ, ಕಚೇರಿ ಸಮಯದಲ್ಲಿ ನಡೆಯುವಂಥವು. ಇವನ್ನು ಆರಿಸಿದರೆ ರಜೆ ಹಾಕಲೇಬೇಕು. ಸ್ತ್ರೀಶಕ್ತಿ ಸಂಘ ಮತ್ತಿತರ ಸ್ವಸಹಾಯ ಗುಂಪುಗಳ ಸಭೆ ಅನೇಕ ಕಡೆ ಸಂಜೆ ಅಥವಾ ರಜೆಯ ದಿನ ಸೇರುತ್ತದೆ. ವೃದ್ಧಾಶ್ರಮ, ವಿದ್ಯಾರ್ಥಿ ನಿಲಯ, ಮದ್ಯವ್ಯಸನಿಗಳ ಪುನರ್ವಸತಿ ಕೇಂದ್ರ, ಬಡಾವಣೆಯ ಸಂಜೆ ಪಾಠಶಾಲೆ ಇಂಥಲ್ಲಿ ಭಾನುವಾರವೂ ಜನ ಸಿಗುತ್ತಾರೆ. ಆದರೆ ಭಾನುವಾರ ಜನ ಸಿಕ್ಕರೆ ಸಾಲದು. ನಿಮ್ಮ ಕೆಲಸವನ್ನು ನೋಡಿ ತಿದ್ದುವ ಸಿಬ್ಬಂದಿಯೂ ಅಂದು ಇರುತ್ತಾರೆಯೇ ಎಂದು ಮೊದಲೇ ವಿಚಾರಿಸಿ.

ಇನ್ನೊಂದು ಉಪಾಯವಿದೆ. ವರ್ಷದ ಗಳಿಕೆ ರಜೆಯಲ್ಲಿ ಎಂಟು ಹತ್ತು ದಿನ ಉಳಿಸಿಟ್ಟು, ಗ್ರಾಮಸಭೆ, ಆಸ್ಪತ್ರೆ ಭೇಟಿ, ಕೇಸ್‌ವರ್ಕ್‌ನ (ಒಬ್ಬೊಬ್ಬ ವ್ಯಕ್ತಿಯ ಸಮಸ್ಯೆ ಹಿಡಿದು ಅವರೊಂದಿಗೆ ಮಾಡುವ ಕೆಲಸ) ಮುಖ್ಯ ಮಾತುಕತೆಗಳಂಥ ವಾರದ ದಿನವೇ ಆಗಬೇಕಾದ ಕೆಲಸಕ್ಕೆ ಮಾತ್ರ ಅದನ್ನು ಬಳಸಿ. ಪರೀಕ್ಷೆಗೆ ಓದಲು ಎಂದು ಎಲ್ಲ ರಜೆಯನ್ನೂ ಮೇ ತಿಂಗಳಿಗೆ ಇಟ್ಟುಕೊಳ್ಳಬೇಡಿ.

ನಾನು ಎನ್‌ಜಿಒದಲ್ಲೇ ಕೆಲಸದಲ್ಲಿದ್ದೇನೆ. ಅದನ್ನೇ ಫೀಲ್ಡ್‌ವರ್ಕ್ ಎಂದು ತೋರಿಸಬಹುದೇ?

ಸೂಪರ್‌ವೈಸರ್‌ರನ್ನು ಕೇಳದೆ ತೋರಿಸಬೇಡಿ. ಅವರು ಒಪ್ಪಿದರೂ ದಿನನಿತ್ಯ ಮಾಡುವ ಕೆಲಸವನ್ನೇ ಬರೆದರೆ ಕಲಿಕೆ ಆಗುವುದಿಲ್ಲ. ನೀವು ಲೆಕ್ಕಪತ್ರ ನೋಡಿಕೊಳ್ಳುವವರಾದರೆ ಅದೇ ಸಂಸ್ಥೆಯ ಆಪ್ತಸಮಾಲೋಚನೆ ವಿಭಾಗದಲ್ಲಿ, ಬೇರೆ ಮೇಲ್ವಿಚಾರಕರ ಕೈಕೆಳಗೆ, ಕೆಲಸದ ಹೊತ್ತಿನ ಹೊರಗೆ ಮಾಡಿ. ಹಾಜರಾತಿ ಪುಸ್ತಕದಲ್ಲಿ ನೌಕರಿಯ ಸಮಯವೂ ಫೀಲ್ಡ್‌ವರ್ಕ್ ಸಮಯವೂ ಒಂದರ ಮೇಲೊಂದು ಬಿದ್ದಿದ್ದರೆ ಮುಂದೆ ಉತ್ತರ ಕೊಡುವುದು ಕಷ್ಟವಾಗುತ್ತದೆ.

ಫೀಲ್ಡ್‌ವರ್ಕ್ ಜರ್ನಲ್‌ನಲ್ಲಿ ಏನು ಬರೆಯಬೇಕು? ಎಷ್ಟು ಬರೆಯಬೇಕು?

ಮೊದಲ ನಿಯಮ: ಅಂದಿನದು ಅಂದೇ. ಹತ್ತು ಭೇಟಿ ಮುಗಿದ ಮೇಲೆ ಒಟ್ಟಿಗೆ ಕುಳಿತು ಬರೆದ ಜರ್ನಲ್ ಓದಿದರೆ ತಕ್ಷಣ ಗೊತ್ತಾಗುತ್ತದೆ. ಪ್ರತಿ ಪುಟದಲ್ಲೂ "ಮಾಹಿತಿ ಪಡೆದೆ", "ಅರಿವು ಮೂಡಿಸಿದೆ", "ಸಭೆ ಯಶಸ್ವಿಯಾಯಿತು" ಎಂಬ ಅದೇ ಮಾತುಗಳು ಇರುತ್ತವೆ, ಜನ ಇರುವುದಿಲ್ಲ.

ಒಂದೇ ಭೇಟಿಯನ್ನು ಎರಡು ರೀತಿ ಬರೆದರೆ ಹೇಗಿರುತ್ತದೆ ನೋಡಿ. ಮೊದಲನೆಯದು:

"ಇಂದು ಸ್ವಸಹಾಯ ಗುಂಪಿನ ಸಭೆಗೆ ಹೋದೆ. ಮಹಿಳೆಯರ ಸಮಸ್ಯೆಗಳ ಬಗ್ಗೆ ತಿಳಿದುಕೊಂಡೆ. ಉಳಿತಾಯದ ಮಹತ್ವ ವಿವರಿಸಿದೆ. ಎಲ್ಲರೂ ಆಸಕ್ತಿಯಿಂದ ಭಾಗವಹಿಸಿದರು."

ಎರಡನೆಯದು:

"ಸಂಜೆ 6.30ರಿಂದ 7.45. 15 ಸದಸ್ಯರಲ್ಲಿ 9 ಜನ ಬಂದಿದ್ದರು. ಸಾಲದ ಕಂತಿನ ಮಾತು ಬಂದಾಗ ಹಿಂದೆ ಕುಳಿತಿದ್ದ ಇಬ್ಬರು ಮಗುವಿನ ನೆಪ ಹೇಳಿ ಎದ್ದುಹೋದರು. ಪ್ರತಿನಿಧಿ ಕೂಡಲೇ ಮಾತು ಬದಲಿಸಿದರು. ಎಲ್ಲರೆದುರು ಕೇಳಿದರೆ ಅವರಿಗೆ ಮುಜುಗರವಾದೀತು ಎಂದು ನಾನು ಆ ವಿಷಯ ಎತ್ತಲಿಲ್ಲ. ಕಂತು ಕಟ್ಟಿದವರು ಮುಂದೆ, ಕಟ್ಟದವರು ಹಿಂದೆ ಕೂರುತ್ತಾರೆ ಎಂಬುದನ್ನು ಗಮನಿಸಿದೆ. ಮುಂದಿನ ಭೇಟಿ: ಎದ್ದುಹೋದವರಲ್ಲಿ ಒಬ್ಬರನ್ನು ಬೇರೆಯಾಗಿ ಮಾತಾಡಿಸುವುದು."

ಎರಡನೆಯದರಲ್ಲಿ ನಾಲ್ಕು ಸಂಗತಿಗಳಿವೆ: ಕಣ್ಣಿಗೆ ಕಂಡದ್ದು, ನೀವು ಮಾಡಿದ್ದು ಅಥವಾ ಮಾಡದೆ ಬಿಟ್ಟದ್ದು, ಅದಕ್ಕೆ ಕಾರಣ, ಮುಂದಿನ ಹೆಜ್ಜೆ. ಗುಂಪಿನೊಳಗೆ ಉಪಗುಂಪುಗಳು ಹೇಗೆ ಹುಟ್ಟುತ್ತವೆ ಎಂದು ಗ್ರೂಪ್‌ವರ್ಕ್ ಪುಸ್ತಕದಲ್ಲಿ ಓದಿದ್ದನ್ನು ಇದರ ಕೆಳಗೆ ಎರಡು ಸಾಲಿನಲ್ಲಿ ಜೋಡಿಸಿದರೆ ಬರಹ ಪೂರ್ತಿಯಾಗುತ್ತದೆ. ಒಂದು ಭೇಟಿಗೆ 250ರಿಂದ 300 ಪದ ಧಾರಾಳ ಸಾಕು.

ಸಹಿಯ ವಿಷಯದಲ್ಲಿ ಸಡಿಲ ಬಿಡಬೇಡಿ. ಸಂಸ್ಥೆಯವರ ಸಹಿ ಆಯಾ ಭೇಟಿಯ ದಿನವೇ, ಸೂಪರ್‌ವೈಸರ್ ಸಹಿ ಪ್ರತಿ ಚರ್ಚೆಯ ನಂತರ. ಕೊನೆಗೆ ಒಟ್ಟಿಗೆ ಹಾಕಿಸಿಕೊಳ್ಳೋಣ ಎಂದುಕೊಂಡಿದ್ದಾಗ ಅಧಿಕಾರಿಗೆ ವರ್ಗವಾಗುತ್ತದೆ, ಸೂಪರ್‌ವೈಸರ್ ಬದಲಾಗುತ್ತಾರೆ, ಹೊಸಬರು ತಾವು ನೋಡದ ಕೆಲಸಕ್ಕೆ ಸಹಿ ಹಾಕಲು ಒಪ್ಪುವುದಿಲ್ಲ. ಅವರು ಒಪ್ಪದಿರುವುದು ಸರಿಯೂ ಹೌದು. ಬರೆದ ಪುಟಗಳನ್ನು ವಾರಕ್ಕೊಮ್ಮೆ ಫೋನಿನಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕಳೆದುಹೋದರೆ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ.

ಸೇವಾರ್ಥಿಗಳ (ಫೀಲ್ಡ್‌ವರ್ಕ್‌ನಲ್ಲಿ ನಾವು ನೆರವಾಗುವ ಜನರ) ಹೆಸರು ಬರೆಯಬಹುದೇ? ಫೋಟೋ ಅಂಟಿಸಬಹುದೇ?

ಹೆಸರು ಬೇಡ. "ಕ" ಅಥವಾ "ಸೇವಾರ್ಥಿ 1" ಎಂದು ಬರೆಯಿರಿ. ಹೆಸರು ಬಿಟ್ಟರಷ್ಟೇ ಸಾಲದು. ಸಣ್ಣ ಊರಿನಲ್ಲಿ "ಹೈಸ್ಕೂಲ್ ಎದುರಿನ ಟೈಲರ್ ಹೆಂಡತಿ" ಎಂದರೆ ಹೆಸರು ಹೇಳಿದಂತೆಯೇ. ಊರು, ಬೀದಿ, ಕಸುಬುಗಳನ್ನೂ ಮಸುಕು ಮಾಡಿ.

ಮಕ್ಕಳ ವಿಷಯದಲ್ಲಿ ಇದು ಬರೀ ಶಿಷ್ಟಾಚಾರವಲ್ಲ, ಕಾನೂನು. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮು ಮಗುವಿನ ಗುರುತು ಬಯಲು ಮಾಡುವುದನ್ನು ನಿಷೇಧಿಸುತ್ತದೆ. ಬಾಲಮಂದಿರದಲ್ಲಿ ಮಕ್ಕಳ ಜೊತೆ ಸೆಲ್ಫಿ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ಸರ್ವಥಾ ಕೂಡದು. ಮಾನಸಿಕ ಕಾಯಿಲೆಯ ಮಾಹಿತಿಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಗೋಪ್ಯತೆಯ ಹಕ್ಕು ಕೊಟ್ಟಿದೆ.

ಗೋಪ್ಯತೆಗೆ ಒಂದು ಎಲ್ಲೆಯೂ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಅಥವಾ ನಡೆಯಬಹುದೆಂಬ ಆತಂಕವಿದ್ದರೆ, ಪೋಕ್ಸೊ ಕಾಯ್ದೆ 2012ರ 19ನೇ ಕಲಮಿನಂತೆ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ವಿದ್ಯಾರ್ಥಿ ಎಂಬ ವಿನಾಯಿತಿ ಅಲ್ಲಿಲ್ಲ. ಸಂಸ್ಥೆಯ ಮೇಲ್ವಿಚಾರಕರಿಗೆ ಅದೇ ದಿನ ಹೇಳಿ, ದೂರು ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಕ್ಕಳ ಸಹಾಯವಾಣಿ 1098.

ಅಸೈನ್‌ಮೆಂಟ್‌ಗೆ ಎಷ್ಟು ಸಮಯ ಹಿಡಿಯುತ್ತದೆ?

ಇಗ್ನೊ ಎಂಎಸ್‌ಡಬ್ಲ್ಯು ಅಸೈನ್‌ಮೆಂಟ್‌ನ ಸಾಮಾನ್ಯ ಸ್ವರೂಪ ಹೀಗಿದೆ: 600 ಪದಗಳ ಎರಡು ಉತ್ತರ, 300 ಪದಗಳ ಎರಡು, 150 ಪದಗಳ ನಾಲ್ಕು, 100 ಪದಗಳ ಐದು ಟಿಪ್ಪಣಿ. ಒಟ್ಟು 2,900 ಪದ. ಪುಟಕ್ಕೆ 200 ಪದದಂತೆ ಸುಮಾರು 15 ಪುಟ ಕೈಬರಹ. ಅಂತಿಮ ಪ್ರತಿ ಬರೆಯಲಿಕ್ಕೇ ಎರಡೂವರೆ ಮೂರು ಗಂಟೆ ಬೇಕು. ಓದಿ, ಟಿಪ್ಪಣಿ ಮಾಡಿ, ಕರಡು ಹಾಕುವುದಕ್ಕೆ ಇನ್ನೊಂದು ಹತ್ತು ಗಂಟೆ. ಒಂದು ಅಸೈನ್‌ಮೆಂಟ್‌ಗೆ ಎರಡು ಶನಿವಾರ ಎಂದು ಇಟ್ಟುಕೊಂಡರೆ ಸರಿಹೋಗುತ್ತದೆ.

ದೊಡ್ಡ ಉತ್ತರಕ್ಕೆ ಪದಗಳನ್ನು ಮೊದಲೇ ಹಂಚಿಕೊಳ್ಳಿ. ಕೇಸ್‌ವರ್ಕ್‌ನ ಏಳು ತತ್ವಗಳನ್ನು ವಿವರಿಸಿ ಎಂದು ಕೇಳಿದ್ದಾರೆ ಎನ್ನಿ. ಪೀಠಿಕೆಗೆ 60 ಪದ, ತತ್ವಕ್ಕೆ 70ರಂತೆ ಏಳಕ್ಕೆ 490, ಕೊನೆಗೆ 50. ಅಲ್ಲಿಗೆ 600 ಆಯಿತು. 70 ಪದದಲ್ಲಿ ಎರಡು ವಾಕ್ಯ ವಿವರಣೆ, ಎರಡು ವಾಕ್ಯ ಉದಾಹರಣೆ. ಈ ಹಂಚಿಕೆ ಇಲ್ಲದವರು ಮೊದಲ ಎರಡು ತತ್ವಕ್ಕೇ 400 ಪದ ಸುರಿದು, ಉಳಿದ ಐದನ್ನು ಹೆಸರಷ್ಟೇ ಹೇಳಿ ಮುಗಿಸುತ್ತಾರೆ. ಅಂಕ ಹೋಗುವುದು ಅಲ್ಲೇ.

ಸಲ್ಲಿಸುವ ಕೊನೆಯ ದಿನ ಸಾಮಾನ್ಯವಾಗಿ ಜೂನ್ ಪರೀಕ್ಷೆಗೆ ಮಾರ್ಚ್ 31, ಡಿಸೆಂಬರ್ ಪರೀಕ್ಷೆಗೆ ಸೆಪ್ಟೆಂಬರ್ 30. ಎಷ್ಟೋ ಸಲ ವಿಸ್ತರಿಸುತ್ತಾರೆ, ಆದರೆ ವಿಸ್ತರಣೆಯನ್ನು ನಂಬಿ ಯೋಜನೆ ಹಾಕಬೇಡಿ. ನಿಮ್ಮ ಸೆಷನ್‌ನ ಪ್ರಶ್ನೆಪತ್ರಿಕೆಯೇ ಹೌದೋ ಅಲ್ಲವೋ ಎಂದು ಮೊದಲ ಪುಟದಲ್ಲಿ ನೋಡಿ. ಹಳೆಯ ಸೆಷನ್‌ನ ಪ್ರಶ್ನೆಗಳಿಗೆ ಬರೆದರೆ ಅಷ್ಟೂ ಶ್ರಮ ವ್ಯರ್ಥ. ಸಲ್ಲಿಸಿದ್ದಕ್ಕೆ ರಸೀದಿ ಪಡೆದು, ಫಲಿತಾಂಶದಲ್ಲಿ ಅಂಕ ಸೇರುವವರೆಗೂ ಅದನ್ನು ಜೋಪಾನವಾಗಿಡಿ.

ಸಿದ್ಧ ಉತ್ತರಗಳು ಮಾರಾಟಕ್ಕೆ ಸಿಗುತ್ತವೆ. ಕೊಂಡು ನಕಲು ಮಾಡಿದರೆ ಸಮಯ ಉಳಿಯುವುದಿಲ್ಲವೇ?

ಉಳಿಯುವುದಿಲ್ಲ. 15 ಪುಟ ಕೈಯಲ್ಲಿ ಇಳಿಸುವ ಮೂರು ಗಂಟೆ ಹೇಗೂ ಹೋಗುತ್ತದೆ, ತಲೆಗೆ ಏನೂ ಇಳಿದಿರುವುದಿಲ್ಲ. ಅದೇ ಉತ್ತರವನ್ನು ಅದೇ ಕೇಂದ್ರದಲ್ಲಿ ಇನ್ನೂ ಹತ್ತು ಜನ ಕೊಟ್ಟಿರುತ್ತಾರೆ, ತಿದ್ದುವವರಿಗೆ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಪರೀಕ್ಷೆಯ ಪ್ರಶ್ನೆಪತ್ರಿಕೆಯ ಸ್ವರೂಪವೂ ಇದೇ. ಅಸೈನ್‌ಮೆಂಟ್ ಸ್ವಂತವಾಗಿ ಬರೆದವರಿಗೆ ಪರೀಕ್ಷೆಯ ಅರ್ಧ ತಯಾರಿ ಆಗಲೇ ಮುಗಿದಿರುತ್ತದೆ.

ಪದವಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ನಿಭಾಯಿಸಬಹುದೇ?

ಈ ಕೋರ್ಸಿನ ಮಾಧ್ಯಮ ಇಂಗ್ಲಿಷ್ ಮತ್ತು ಹಿಂದಿ. ಕನ್ನಡದವರಿಗೆ ಇದು ನಿಜವಾದ ಹೊರೆ. ಮೊದಲ ಆರು ತಿಂಗಳು ಓದಿಗೆ ಒಂದೂವರೆ ಪಟ್ಟು ಸಮಯ ಇಟ್ಟುಕೊಳ್ಳಿ. ಆದರೂ ನಿಭಾಯಿಸಬಹುದು.

ಪ್ರತಿ ಘಟಕದ ಕೊನೆಗಿರುವ ಸಾರಾಂಶವನ್ನು ಮೊದಲು ಓದಿ, ಆಮೇಲೆ ಪಾಠ ಓದಿ. ಒಂದು ನೋಟ್‌ಬುಕ್‌ನಲ್ಲಿ ಪಾರಿಭಾಷಿಕ ಪದಗಳ ಪಟ್ಟಿ ಮಾಡಿ: ಎಡಕ್ಕೆ ಇಂಗ್ಲಿಷ್ ಪದ, ನಡುವೆ ಕನ್ನಡದಲ್ಲಿ ಒಂದು ಸಾಲಿನ ಅರ್ಥ, ಬಲಕ್ಕೆ ನಿಮ್ಮ ಫೀಲ್ಡ್‌ನ ಒಂದು ಉದಾಹರಣೆ. ಘಟಕಕ್ಕೆ ಹತ್ತು ಪದ ಸಾಕು. ಪರೀಕ್ಷೆಯ 100 ಪದದ ಟಿಪ್ಪಣಿಗಳಿಗೆ ಈ ಪಟ್ಟಿಯೇ ನೆರವಾಗುತ್ತದೆ. ವಾಕ್ಯಗಳು ಚಿಕ್ಕದಾಗಿರಲಿ. ಫೀಲ್ಡ್‌ನಲ್ಲಿ ಟಿಪ್ಪಣಿಯನ್ನು ಕನ್ನಡದಲ್ಲೇ ಮಾಡಿಕೊಳ್ಳಿ, ಜನ ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ. ಜರ್ನಲ್‌ಗೆ ಇಳಿಸುವಾಗ ಇಂಗ್ಲಿಷ್ ಮಾಡಿದರಾಯಿತು. ಜನರ ಭಾಷೆ ನಿಮಗೆ ಚೆನ್ನಾಗಿ ಗೊತ್ತಿರುವುದು ಫೀಲ್ಡ್‌ವರ್ಕ್‌ನಲ್ಲಿ ದೊಡ್ಡ ಬಲ.

ಪುಸ್ತಕ ಬರುವುದು ತಡವಾದರೆ ಕಾಯುತ್ತಾ ಕೂರಬೇಡಿ. ಇ-ಜ್ಞಾನಕೋಶ ತಾಣದಲ್ಲಿ ಪಾಠಗಳ ಪಿಡಿಎಫ್ ಉಚಿತವಾಗಿ ಸಿಗುತ್ತದೆ.

ಅಧ್ಯಯನ ಕೇಂದ್ರದಲ್ಲಿ ಪಾಠ ಮಾಡುವ ಭಾನುವಾರದ ಕೌನ್ಸೆಲಿಂಗ್ ಕ್ಲಾಸ್‌ಗೆ ಹೋಗಲೇಬೇಕೇ?

ಥಿಯರಿ ತರಗತಿಗಳು ಕಡ್ಡಾಯವಲ್ಲ. ಕಷ್ಟವೆನಿಸುವ ಪೇಪರ್‌ಗೆ, ಅದರಲ್ಲೂ ಸಂಶೋಧನಾ ವಿಧಾನದ ತರಗತಿಗೆ ಹೋಗಿ. ಫೀಲ್ಡ್‌ವರ್ಕ್‌ಗೆ ಸಂಬಂಧಿಸಿದ ಓರಿಯೆಂಟೇಶನ್ ಮತ್ತು ಚರ್ಚೆಗಳನ್ನು ತಪ್ಪಿಸಬೇಡಿ.

ಪರೀಕ್ಷೆಯ ಮೂರು ಗಂಟೆ ಸಾಲುವುದಿಲ್ಲ. ಏನು ಮಾಡಲಿ?

100 ಅಂಕ, ಐದು ಪ್ರಶ್ನೆ, ತಲಾ 20. ಪ್ರಶ್ನೆಗೆ 33 ನಿಮಿಷದಂತೆ 165 ನಿಮಿಷ, ಓದಿ ಆರಿಸಲು ಮತ್ತು ತಿರುವಿ ನೋಡಲು 15 ನಿಮಿಷ. ಸಮಯ ಸಾಲದೇ ಹೋಗುವುದಕ್ಕೆ ಸಾಮಾನ್ಯ ಕಾರಣ ಮೊದಲೆರಡು ದೊಡ್ಡ ಪ್ರಶ್ನೆಗಳಿಗೆ ತಲಾ 50 ನಿಮಿಷ ಕೊಡುವುದು. ಆಗ ಕೊನೆಯ ಟಿಪ್ಪಣಿಗಳಿಗೆ ಸಮಯವೇ ಇರುವುದಿಲ್ಲ. ಆ ಟಿಪ್ಪಣಿಗಳು ಒಂದೊಂದೂ ನಾಲ್ಕು ಅಂಕದವು, ಸುಲಭವಾಗಿ ಸಿಗುವಂಥವು. ಕೆಲವರು ಐದನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತಾರೆ; ಕೈಬರಹ ನಿಧಾನ ಇರುವವರಿಗೆ ಇದು ಒಳ್ಳೆಯ ಕ್ರಮ.

ಅಸೈನ್‌ಮೆಂಟ್‌ಗೆ 30, ಪರೀಕ್ಷೆಗೆ 70ರ ತೂಕ. ಅಸೈನ್‌ಮೆಂಟ್‌ನಲ್ಲಿ 80, ಪರೀಕ್ಷೆಯಲ್ಲಿ 50 ಬಂದರೆ 24 ಮತ್ತು 35 ಸೇರಿ 59. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ಒಂದು ಪೇಪರ್ ಹೋದರೆ ಅಸೈನ್‌ಮೆಂಟ್ ಮತ್ತೆ ಬರೆಯಬೇಕಿಲ್ಲ, ಮುಂದಿನ ಪರೀಕ್ಷೆ ಮಾತ್ರ ಬರೆಯಬೇಕು.

ವರ್ಷದ ಎಲ್ಲ ಪೇಪರ್‌ಗಳನ್ನೂ ಒಂದೇ ಸಲ ಬರೆಯಬೇಕೆಂಬ ನಿಯಮವಿಲ್ಲ. ಮೂರನ್ನು ಜೂನ್‌ನಲ್ಲಿ, ಉಳಿದದ್ದನ್ನು ಡಿಸೆಂಬರ್‌ನಲ್ಲಿ ಬರೆಯಬಹುದು. ಪರೀಕ್ಷಾ ಅರ್ಜಿ ಮತ್ತು ಶುಲ್ಕ ಬೇರೆಯೇ ಇದೆ ಎಂಬುದು ಮಾತ್ರ ನೆನಪಿರಲಿ.

ಮೊದಲ ವರ್ಷದ ಪೇಪರ್ ಬಾಕಿ ಇವೆ. ಎರಡನೇ ವರ್ಷಕ್ಕೆ ಮರುನೋಂದಣಿ ಮಾಡಬಹುದೇ?

ಮಾಡಬಹುದು, ಮಾಡಲೇಬೇಕು. ಪಾಸಾದ ಮೇಲೆ ಮಾಡೋಣ ಎಂದು ಕಾದು ಆರು ತಿಂಗಳು ಕಳೆದುಕೊಳ್ಳುವವರು ಬಹಳ ಜನ. ಮೊದಲ ವರ್ಷದ ಪರೀಕ್ಷೆ ಬರೆದಿರದಿದ್ದರೂ ಮರುನೋಂದಣಿಗೆ ಅಡ್ಡಿಯಿಲ್ಲ.

ಎರಡನೇ ವರ್ಷದ ಸಂಶೋಧನಾ ಪ್ರಬಂಧಕ್ಕೆ ಯಾವಾಗಿನಿಂದ ತಯಾರಿ? ಎಷ್ಟು ಜನರನ್ನು ಸಂದರ್ಶಿಸಬೇಕು?

ಎರಡನೇ ವರ್ಷ ಶುರುವಾದ ಮೊದಲ ತಿಂಗಳಲ್ಲೇ ಮಾರ್ಗದರ್ಶಕರನ್ನು ಕಾಣಿ. ವಿಷಯ ಚಿಕ್ಕದಾಗಿರಲಿ. "ಕರ್ನಾಟಕದ ಮಹಿಳಾ ಕಾರ್ಮಿಕರ ಸ್ಥಿತಿಗತಿ" ಒಬ್ಬರಿಂದ ಆಗುವ ಕೆಲಸವಲ್ಲ. "ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಮೂರು ವರ್ಷದೊಳಗಿನ ಮಕ್ಕಳನ್ನು ಎಲ್ಲಿ ಬಿಡುತ್ತಾರೆ" ಎಂಬುದು ಆಗುವ ಕೆಲಸ.

ಸಮಯದ ಲೆಕ್ಕ ಹಾಕಿಯೇ ಸಂಖ್ಯೆ ಗೊತ್ತುಮಾಡಿ, ಮಾರ್ಗದರ್ಶಕರಿಂದ ಒಪ್ಪಿಗೆ ಪಡೆಯಿರಿ. 40 ಜನ, ತಲಾ 45 ನಿಮಿಷ ಎಂದರೆ 30 ಗಂಟೆ. ಗಾರ್ಮೆಂಟ್ಸ್ ಕೆಲಸಗಾರರು ಸಿಗುವುದು ಭಾನುವಾರ ಮಾತ್ರ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಂದರ್ಶನ ಆಗುವುದಿಲ್ಲ. ಅಲ್ಲಿಗೆ ಹತ್ತು ಭಾನುವಾರ ಬೇಕು. ಸಿಗದವರು, ಅರ್ಧಕ್ಕೆ ಎದ್ದವರು ಎಂದು ಇನ್ನೂ ಮೂರು ಸೇರಿಸಿ.

ಕ್ರಮ ತಪ್ಪಿದರೆ ಕೆಲಸ ಎರಡಾಗುತ್ತದೆ. ಮೊದಲು ಮೂರು ನಾಲ್ಕು ಉದ್ದೇಶಗಳು, ಆಮೇಲೆ ಒಂದೊಂದು ಉದ್ದೇಶಕ್ಕೂ ಬೇಕಾದ ಪ್ರಶ್ನೆಗಳು. ಪ್ರಶ್ನೆ ಮೊದಲು ಮಾಡಿ ಉದ್ದೇಶ ಆಮೇಲೆ ಬರೆದವರ ಬಳಿ ಕೋಷ್ಟಕ ಬಹಳ ಇರುತ್ತವೆ, ಹೇಳಲು ಏನೂ ಇರುವುದಿಲ್ಲ. ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷ್‌ಗೆ ಮಾಡಿಸಿ. ಅರ್ಥ ಜಾರಿದ್ದರೆ ಅಲ್ಲೇ ಕಾಣುತ್ತದೆ. ನಾಲ್ಕೈದು ಜನರ ಹತ್ತಿರ ಕೇಳಿ ನೋಡಿ, ತಿದ್ದಿ, ನಂತರ ಹೊರಡಿ. 40 ಜನರ ಮಾಹಿತಿಗೆ ಎಕ್ಸೆಲ್ ಸಾಕು, ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ.

ಕೇಸ್‌ವರ್ಕ್ ಮುಗಿಸಿ ಬಂದ ರಾತ್ರಿ ನಿದ್ದೆ ಬರುವುದಿಲ್ಲ. ಓದಲೂ ಆಗುವುದಿಲ್ಲ.

ಇದೂ ಈ ಕೋರ್ಸಿನ ಹೊರೆಯೇ, ವೇಳಾಪಟ್ಟಿಯಲ್ಲಿ ಇದಕ್ಕೂ ಜಾಗವಿರಲಿ. ಭೇಟಿಯ ಮರುದಿನಕ್ಕೆ ಕಠಿಣವಾದ ಓದು ಇಟ್ಟುಕೊಳ್ಳಬೇಡಿ. ಸೂಪರ್‌ವೈಸರ್ ಜೊತೆಗಿನ ಚರ್ಚೆಯಲ್ಲಿ ಸೇವಾರ್ಥಿಯ ಸಮಸ್ಯೆ ಮಾತ್ರವಲ್ಲ, ಅದು ನಿಮ್ಮನ್ನು ಹೇಗೆ ತಟ್ಟಿತು ಎಂಬುದನ್ನೂ ಹೇಳಿ. ಆ ಚರ್ಚೆ ಇರುವುದೇ ಅದಕ್ಕೆ. ವಾರಗಟ್ಟಲೆ ನಿದ್ದೆ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಐದು ತಿಂಗಳು ಏನೂ ಮಾಡಿಲ್ಲ. ಈಗ ಯಾವುದನ್ನು ಮೊದಲು ಹಿಡಿಯಲಿ?

ಮೊದಲು ಕೊನೆಯ ದಿನಾಂಕವಿರುವ ಕಾಗದಪತ್ರಗಳು: ಮರುನೋಂದಣಿ, ಪರೀಕ್ಷಾ ಅರ್ಜಿ. ಇದು ಒಂದು ಸಂಜೆಯ ಕೆಲಸ. ಎರಡನೆಯದು ಫೀಲ್ಡ್‌ವರ್ಕ್, ಈ ವಾರವೇ ಸೂಪರ್‌ವೈಸರ್‌ಗೆ ಇದ್ದ ಸ್ಥಿತಿ ಇದ್ದಂತೆ ಹೇಳಿ, ಉಳಿದ ದಿನಗಳ ಪಟ್ಟಿ ಮಾಡಿಸಿಕೊಳ್ಳಿ. ಮಾಡದ ಭೇಟಿಗೆ ತಾರೀಖು ಹಾಕಿ ಬರೆಯುವ ಯೋಚನೆ ಬೇಡ, ಜನರ ಬದುಕಿನ ಬಗ್ಗೆ ಸುಳ್ಳು ದಾಖಲೆ ಸೃಷ್ಟಿಸಿದಂತಾಗುತ್ತದೆ. ಮೂರನೆಯದು ಅಸೈನ್‌ಮೆಂಟ್, ಎಲ್ಲವನ್ನೂ ಅರ್ಧರ್ಧ ಮಾಡುವ ಬದಲು ಈ ಬಾರಿ ಬರೆಯಲಿರುವ ಮೂರು ಪೇಪರ್‌ಗಳದ್ದನ್ನು ಮಾತ್ರ ಪೂರ್ತಿ ಮಾಡಿ. ಉಳಿದವು ಮುಂದಿನ ಸೆಷನ್‌ಗೆ. ಆಗ ಹೊಸ ಪ್ರಶ್ನೆಪತ್ರಿಕೆ ಬಂದಿರುತ್ತದೆ, ಅದನ್ನೇ ಡೌನ್‌ಲೋಡ್ ಮಾಡಿಕೊಳ್ಳಿ.